ಬಸಣ್ಣನ ಹೆಸರಿದ್ದ ಜಾಗ

ಆ ಹಾಡು ನನ್ನ ಅವ್ವನದಲ್ಲ. ಅವ್ವ ಅದನ್ನು ಹಾಡಿದ್ದನ್ನು ನಾನು ಕೇಳಿಲ್ಲ — ಕೇಳುವಂತೆಯೂ ಇರಲಿಲ್ಲ, ನಾನು ತೊಟ್ಟಿಲು ಬಿಡುವ ಮೊದಲೇ ಆಕೆ ತೀರಿಹೋಗಿದ್ದಳು. ಆದರೂ ಹರಿಹರದ ಶಾಲೆಯಲ್ಲಿ, ನಾಲ್ಕನೇ ತರಗತಿಯ ಮಕ್ಕಳೆಲ್ಲರ ಎದುರು ನಿಂತು, ಇದು ನಮ್ಮ ಅವ್ವನ ಹಾಡು ಎಂದೆ. ಹಾಡು ನೀಲವ್ವನ ಮನೆಯದು. ನೀಲವ್ವ ಅಲ್ಲೇ, ನನ್ನ ಪಕ್ಕದಲ್ಲೇ ನಿಂತಿದ್ದಳು.

ದಾವಣಗೆರೆಯಲ್ಲಿ ನನ್ನನ್ನು ಸೀರೆ ರತ್ನಮ್ಮ ಎಂದರೆ ಗುರುತಿಸುತ್ತಾರೆ. ತಲೆಯ ಮೇಲೆ ಗಂಟು ಹೊತ್ತು ಓಣಿ ಓಣಿ ತಿರುಗಿದವಳು, ಆಮೇಲೆ ಅಂಗಡಿ ಇಟ್ಟವಳು. ವ್ಯಾಪಾರ ಕಲಿಯಲು ಬಂದ ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಗಿರಾಕಿಯ ಬಾಯಿ ನೋಡಬೇಡಿ, ಕೈ ನೋಡಿ. ಬಾಯಿ ಬೇಡ ಅನ್ನುತ್ತಿರುವಾಗ ಕೈ ಯಾವ ಸೆರಗಿನ ಮೇಲೆ ನಿಂತಿದೆ, ಅದನ್ನು ನೋಡಿ. ಎಲ್ಲರೂ ತಲೆದೂಗುತ್ತಾರೆ. ಈ ವಿದ್ಯೆಯನ್ನು ನಾನು ಕಲಿತದ್ದು ಒಂಬತ್ತನೇ ವಯಸ್ಸಿನಲ್ಲಿ. ಯಾರ ಮೇಲೆ ಪ್ರಯೋಗಿಸಿ ಕಲಿತೆ ಎಂಬುದನ್ನು ಮಾತ್ರ ಅವರಿಗೆ ಹೇಳಿಲ್ಲ.

ರಾಜ್ಯ ಒಂದಾಗಿ ಎರಡು ಮೂರು ವರ್ಷವಾಗಿತ್ತು. ಅದಕ್ಕೆ ಮೊದಲು ಹೊಳೆಯ ಆಚೆ ದಡ ನಮಗೆ ಮುಂಬಯಿ ಸೀಮೆ. ಸೇತುವೆ ದಾಟಿದರೆ ಬೇರೆ ಸರಕಾರ. ಈಗ ಎಲ್ಲ ಒಂದೇ ಎಂದು ದೊಡ್ಡವರು ಹೇಳುತ್ತಿದ್ದರು, ಆದರೆ ತರಗತಿಯಲ್ಲಿ ಆಚೆ ದಡದ ಮಕ್ಕಳ ಮಾತಿಗೆ ನಾವು ಈಚೆಯವರು ನಗುತ್ತಿದ್ದೆವು. ಆ ವರ್ಷ ಹೊಸದಾಗಿ ಬಂದ ಮೇಷ್ಟ್ರಿಗೆ ಅದು ಸೇರಲಿಲ್ಲ. ಒಂದು ದಿನ ಕರಿಹಲಗೆಯ ಮೇಲೆ ಅಡುಗೆಮನೆಯ ಒಂದೊಂದೇ ಸಾಮಾನಿನ ಚಿತ್ರ ಬರೆದು, ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತೀರಿ ಎಂದು ಪ್ರತಿಯೊಬ್ಬರನ್ನೂ ಕೇಳಿದರು. ಒಂದೇ ಸಾಮಾನಿಗೆ ಮೂರು ನಾಲ್ಕು ಹೆಸರು ಬಂದವು. ಎಲ್ಲವನ್ನೂ ಬರೆದರು, ಯಾವುದನ್ನೂ ತಪ್ಪು ಎನ್ನಲಿಲ್ಲ.

ಆಮೇಲೆ ದಪ್ಪ ದಾರದಿಂದ ಹೊಲಿದ ಒಂದು ದೊಡ್ಡ ಪುಸ್ತಕ ತಂದರು. ಹೆಸರು ‘ನಮ್ಮ ಮನೆಗಳ ಪುಸ್ತಕ’. ಒಂದೊಂದು ಮಗುವಿಗೆ ಒಂದೊಂದು ಹಾಳೆ. ಮನೆಯಲ್ಲಿ ಹಾಡುವ ಒಂದು ಹಾಡನ್ನು ಕಲಿತು ಬಂದು ಹಾಡಬೇಕು. ಯಾರ ಹಾಡು, ಯಾವ ಊರಿನಿಂದ ಬಂದದ್ದು ಎಂದು ಹೇಳಬೇಕು. ಮೇಷ್ಟ್ರು ಅದನ್ನು ಆ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಚೆನ್ನಾಗಿ ಹಾಡಿದ ನಾಲ್ವರನ್ನು ರೈಲಿನಲ್ಲಿ ದಾವಣಗೆರೆಗೆ, ಶಾಲೆಗಳ ವಸ್ತುಪ್ರದರ್ಶನಕ್ಕೆ ಕರೆದೊಯ್ಯುತ್ತಾರೆ.

ನಮ್ಮಪ್ಪ ಹರಿಹರದ ಸ್ಟೇಷನ್ನಿನಲ್ಲಿ ಹಮಾಲಿ. ದಿನಾ ರೈಲಿನ ಸದ್ದಿನಲ್ಲೇ ಏಳುತ್ತಿದ್ದ ನಾನು ಒಂದು ಸಲವೂ ರೈಲು ಹತ್ತಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಹಿಟ್ಟನ್ನು ಗಿರಣಿಯಲ್ಲಿ ಹಾಕಿಸಿ ತರುತ್ತಿದ್ದೆವು, ಬೀಸುಕಲ್ಲು ಇರಲಿಲ್ಲ. ಬೀಸುಕಲ್ಲಿಲ್ಲದ ಮನೆಯಲ್ಲಿ ಹಾಡು ಎಲ್ಲಿಂದ ಬರಬೇಕು? ಅಪ್ಪ ಬಂದು ಉಂಡು ಮಲಗಿದರೆ ಮಾತೂ ಇರುತ್ತಿರಲಿಲ್ಲ. ನನಗೆ ಆ ಪುಸ್ತಕದಲ್ಲಿ ಒಂದು ಹಾಳೆ ಬೇಕಿತ್ತು. ಎಲ್ಲರ ಹಾಳೆ ತುಂಬಿ ನನ್ನದೊಂದು ಬಿಳಿಯಾಗಿ ಉಳಿಯುವುದನ್ನು ನೆನೆದರೆ —

ನೀಲವ್ವನ ಅಜ್ಜಿ ಆಚೆ ದಡದಾಕೆ. ಅವರ ಮನೆಯ ಬೀಸುವ ಹಾಡನ್ನು ಬೆಳಿಗ್ಗೆ ನೀರಿಗೆ ಹೋಗುವಾಗ ಅವರ ಗೋಡೆಯ ಪಕ್ಕ ನಿಂತು ನಾನು ಕೇಳಿದ್ದೆ; ತರಗತಿಯ ಬೇರೆ ಯಾರೂ ಆ ದಾರಿಯಲ್ಲಿ ಬರುತ್ತಿರಲಿಲ್ಲ. ಆರು ಪದ. ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ:

ಹೊಳಿದಂಡಿ ಗಾಳೀಗಿ ದೀಪ ನಿಲ್ಲೂದಿಲ್ಲ
ನಿಂತೀತ ನಿನ್ನ ನೆರಳೀಗೆ — ಬಸಣ್ಣ
ಮುಂಜಾನಿ ಬಂದು ಕದ ತಟ್ಟೊ

ಬಸಣ್ಣ ನೀಲವ್ವನ ಅಪ್ಪ. ಸೇತುವೆಗೆ ದೂರವಾದ ಹಳ್ಳಿಗಳಿಗೆ ಹರಿಗೋಲು ಹಾಕುತ್ತಿದ್ದವನು, ಹೊಳೆ ತುಂಬಿ ಬಂದ ಒಂದು ವರ್ಷ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ನೀಲವ್ವ ಆಗ ಅವ್ವನ ಹೊಟ್ಟೆಯಲ್ಲಿ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು ಎಂಬ ಪದ್ಧತಿ ಗಂಡ ಹೋದ ಮೇಲೂ ಬಿಡುವುದಿಲ್ಲ. ಮಗಳನ್ನು ಶಾಲೆಗೆ ಸೇರಿಸುವಾಗ ತಂದೆಯ ಹೆಸರು ಕೇಳಿದರೆ ಅವಳ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆಯ ಕಡೆ ನೋಡಿದಳಂತೆ. ಆ ಮನೆಯಲ್ಲಿ ಅವನ ಹೆಸರು ಕೇಳುತ್ತಿದ್ದದ್ದು ದಿನಕ್ಕೊಂದು ಹೊತ್ತು, ಅಜ್ಜಿ ಕಲ್ಲಿಗೆ ಕೂತಾಗ. ನೀಲವ್ವನಿಗೆ ಅಪ್ಪ ಎಂದರೆ ಅಷ್ಟೇ — ಹಾಡಿನ ನಡುವೆ ಬರುವ ಮೂರಕ್ಷರ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಬರೆಯಲು ಈ ಕೈ ಒಮ್ಮೆ ಎಳೆಯಿತು. ಬರೆಯುವುದಿಲ್ಲ.

ಬಟ್ಟೆಯ ಮೂಟೆಗಳಿಗೆ ಆಗ ಬಣ್ಣಬಣ್ಣದ ಚಿತ್ರದ ಚೀಟಿ ಅಂಟಿಸಿ ಕಳಿಸುತ್ತಿದ್ದರು. ಅಪ್ಪ ಕಿತ್ತುಹೋದ ಚೀಟಿಗಳನ್ನು ನನಗೆ ತಂದುಕೊಡುತ್ತಿದ್ದ. ಶಾಲೆಯಲ್ಲಿ ಅವಕ್ಕೆ ಭಾರೀ ಗಿರಾಕಿ. ಒಂದು ಮಧ್ಯಾಹ್ನ ನೀಲವ್ವನ ಮುಂದೆ ನನ್ನ ಗಂಟು ಬಿಚ್ಚಿದೆ. ನವಿಲು ತೋರಿಸಿದೆ, ಆನೆ ತೋರಿಸಿದೆ. ಬೇಡವೇ ಬೇಡ ಎಂದಳು. ಆದರೆ ಅವಳ ಬೆರಳು ಹಾಯಿ ಬಿಚ್ಚಿದ ಒಂದು ದೋಣಿಯ ಚಿತ್ರದ ಮೇಲೆ ನಿಂತಿತ್ತು. ನಾನು ಅದನ್ನು ಮೆಲ್ಲಗೆ ಎಳೆದು ಕೆಳಗಿಟ್ಟೆ. ಇದು ಕೊಡುವಂಥದ್ದಲ್ಲ ಎಂದೆ. ಅವಳು ನವಿಲಿನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ಹೊತ್ತಿಗೆ ಬೆಲೆ ನಿಗದಿಯಾಗಿತ್ತು.

“ನಿಮ್ಮಜ್ಜಿ ಹಾಡು ಅಷ್ಟೂ ಕಲಿಸು, ದೋಣಿ ನಿಂದು.”

“ಮೇಷ್ಟ್ರ ಮುಂದ ಹಾಡ್ತೀಯೇನು?”

“ಇಲ್ಲ ಬಿಡೇ. ಸುಮ್ಕೆ ನನಗೆ ಇರ್ಲಿ ಅಂತ. ಮನ್ಯಾಗೆ ಯಾರೂ ಇರಾದಿಲ್ಲ, ಹಾಡ್ಕಂತೀನಿ.”

ಆ ಮಾತಿನಲ್ಲಿ ಅರ್ಧ ನಿಜವಿತ್ತು. ಪೂರ್ತಿ ಸುಳ್ಳನ್ನು ಯಾರೂ ಕೊಳ್ಳುವುದಿಲ್ಲ ಎಂಬುದು ಆಗಲೇ ನನಗೆ ತಿಳಿದಿತ್ತೋ ಏನೋ. ನಾಲ್ಕು ದಿನ, ಊಟದ ಬಿಡುವಿನಲ್ಲಿ, ಹೊಳೆಯ ಮೆಟ್ಟಿಲ ಮೇಲೆ ಕೂತು ಅವಳು ಆರೂ ಪದ ಕಲಿಸಿದಳು. ‘ಬಸಣ್ಣ’ ಎಂಬಲ್ಲಿ ದನಿಯನ್ನು ಹೇಗೆ ಎಳೆಯಬೇಕೆಂದು ಮತ್ತೆ ಮತ್ತೆ ತಿದ್ದಿದಳು.

ಹಾಡುವ ದಿನ ಮೇಷ್ಟ್ರು ಯಾರು ಮೊದಲು ಎಂದು ಕೇಳಿದರು. ನಾನು ಕೈ ಎತ್ತಿದೆ. ಬಸಣ್ಣ ಬರುವಲ್ಲೆಲ್ಲ ನಮ್ಮಪ್ಪನ ಹೆಸರು ಕೂಡಿಸಿ — ಹನುಮಣ್ಣ, ಹನುಮಣ್ಣ ಎಂದು — ಆರೂ ಪದ ಹಾಡಿ ಮುಗಿಸಿದೆ. ಮೇಷ್ಟ್ರು ನನ್ನ ಹೆಸರಿನ ಹಾಳೆಯಲ್ಲಿ ಬರೆದುಕೊಂಡರು. ಸ್ವಲ್ಪ ಹೊತ್ತಿಗೆ ನೀಲವ್ವನ ಸರದಿ. ಅವಳಿಗೆ ಬೇರೆ ಹಾಡು ಬರುತ್ತಿರಲಿಲ್ಲ. ಅವಳು ಅದನ್ನೇ ಹಾಡತೊಡಗಿದಳು, ಎರಡನೇ ಸಾಲಿಗೆ ಬರುವಷ್ಟರಲ್ಲಿ ಮಕ್ಕಳು ನಗತೊಡಗಿದರು.

ಇಲ್ಲಿ ಒಂದು ಮಾತು ಹೇಳಬೇಕು. ಬೀಸುವ ಹಾಡಿನ ಪದ್ಧತಿ ತಿಳಿದವರು, ಇದರಲ್ಲಿ ಏನು ತಪ್ಪು ಎನ್ನಬಹುದು. ಪದ ಊರಿನದು, ಹೆಸರು ಮನೆಯದು. ಒಬ್ಬಳ ಪದ ಇನ್ನೊಬ್ಬಳು ಕಲಿತು, ಹೆಸರು ಬರುವ ಜಾಗದಲ್ಲಿ ತನ್ನ ಅಣ್ಣನನ್ನೋ ಮಗನನ್ನೋ ಕೂಡಿಸಿ ಹಾಡುವುದು ಹಿಂದಿನಿಂದ ಬಂದದ್ದು. ಯಾರೂ ಕಳ್ಳತನ ಎನ್ನುವುದಿಲ್ಲ. ಎಷ್ಟೋ ವರ್ಷ ನಾನು ಈ ಸಮಾಧಾನವನ್ನು ನನಗೇ ಮಾರಿಕೊಂಡೆ. ಮೇಷ್ಟ್ರು ಕೇಳಿದಾಗ ಅಷ್ಟನ್ನೇ ಹೇಳಿದ್ದರೂ ಸಾಕಿತ್ತು — ನೀಲವ್ವನ ಹತ್ತಿರ ಕಲಿತೆ ಸಾರ್, ನಮ್ಮಪ್ಪನ ಹೆಸರು ಹಾಕಿದೆ ಸಾರ್, ಎಂದು. ಅವರು ಸಂತೋಷಪಡುತ್ತಿದ್ದರು. ಒಂದು ಹಾಡು ಹೊಳೆ ದಾಟಿ ಇನ್ನೊಂದು ಮನೆಗೆ ಹೋಯಿತು ಎಂದು ಅದನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದರು. ಇಬ್ಬರಿಗೂ ಹಾಳೆ ಸಿಗುತ್ತಿತ್ತು.

ಮೇಷ್ಟ್ರು ಕೇಳಿದ್ದು ಇಷ್ಟೇ: ಯಾರು ಯಾರಿಂದ ಕಲಿತಿರಿ?

“ನಮ್ಮ ಅವ್ವ ಹಾಡ್ತಿದ್ಲಂತೆ ಸಾರ್. ಅವಳದು ಅಂತ ಇದೊಂದೇ ಐತೆ ನಂಗೆ. ನೀಲಿ ನನ್ನ ಹತ್ರ ಕಲ್ತ್ಲು.”

ಸತ್ತ ತಾಯಿಯನ್ನು ಯಾರು ಕರೆದು ಕೇಳುತ್ತಾರೆ? ಮೇಷ್ಟ್ರ ಕಣ್ಣು ಒದ್ದೆಯಾದವು. ಅವರು ಹೊಡೆಯುವವರಲ್ಲ. ನೀಲವ್ವನ ಕಡೆ ತಿರುಗಿ, ಬೇಸರದಿಂದ, “ತಾಯಿಯಿಲ್ಲದ ಮಗುವಿನ ಹಾಡು ಕದಿಯಬಾರದಮ್ಮ” ಎಂದರು. ಹೊಡೆದಿದ್ದರೆ ಚೆನ್ನಾಗಿತ್ತು.

ನೀಲವ್ವ ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ — ನನಗೆ ಅನ್ನಿಸುವುದು, ದೋಣಿ ತೆಗೆದುಕೊಂಡಿದ್ದಳಲ್ಲ, ತೆಗೆದುಕೊಂಡ ಮೇಲೆ ಹಾಡು ತನ್ನದಲ್ಲ ಎಂದುಕೊಂಡಳು. ಮಾರನೆಯ ದಿನ ಆ ಚೀಟಿಯನ್ನು ತಂದು ನನ್ನ ಚೀಲದ ಮೇಲಿಟ್ಟಳು. ನಾನು ಅದನ್ನು ತೆಗೆದುಕೊಂಡೆ. ಅಷ್ಟೇ ಅಲ್ಲ, ವಾರದೊಳಗೆ ಅದನ್ನು ಇನ್ನೊಬ್ಬಳಿಗೆ ಕೊಟ್ಟು ಒಂದು ಪೆನ್ಸಿಲ್ ಸಂಪಾದಿಸಿದೆ.

ದಾವಣಗೆರೆಗೆ ಹೋಗುವ ಮೊದಲಿನ ಶನಿವಾರ ಮನೆಯವರನ್ನೆಲ್ಲ ಶಾಲೆಗೆ ಕರೆದು ನಮ್ಮಿಂದ ಹಾಡಿಸಿದರು. ನೀಲವ್ವನ ಅಜ್ಜಿ ಹಿಂದುಗಡೆ ಗೋಡೆಗೆ ಒರಗಿ ಕೂತಿದ್ದಳು. ಮೊಮ್ಮಗಳು ಮನೆಯಲ್ಲಿ ಏನೂ ಹೇಳಿರಲಿಲ್ಲ ಎಂದು ಕಾಣುತ್ತದೆ. ನಾನು ಮೊದಲ ಪದ ಎತ್ತಿದಾಗ ಅಜ್ಜಿಯ ಮುಖ ಅರಳಿತು, ತುಟಿಯೂ ನನ್ನ ಜೊತೆ ಆಡತೊಡಗಿತು. ಹೆಸರಿನ ಜಾಗಕ್ಕೆ ಬಂದಾಗ ಅದು ನಿಂತಿತು. ಆಮೇಲೆ ನಾನು ಆ ಕಡೆ ನೋಡಲಿಲ್ಲ.

ಎಲ್ಲರೂ ಹೊರಟ ಮೇಲೆ ನಲ್ಲಿಯ ಹತ್ತಿರ ನಾನು ನೀರು ಕುಡಿಯುತ್ತಿದ್ದೆ. ಅಜ್ಜಿ ಬಂದು ನಿಂತಳು. ಬೈಯುತ್ತಾಳೆ, ಮೇಷ್ಟ್ರ ಹತ್ತಿರ ಎಳೆದೊಯ್ಯುತ್ತಾಳೆ ಎಂದು ಉತ್ತರಗಳನ್ನು ಹೊಂದಿಸಿಕೊಳ್ಳುತ್ತಿದ್ದೆ. ಆಕೆ ನನ್ನ ತಲೆಯ ಮೇಲೆ ಕೈ ಇಟ್ಟಳು.

“ನಿಮ್ಮಪ್ಪ ದಿನಾ ಸಂಜಿಗೆ ಮನಿಗೆ ಬರ್ತಾನಲ್ಲ ಮಗಳ? ಬಂದು ಉಣ್ತಾನಲ್ಲ? ಮತ್ತ ಅವನ್ನ ಯಾಕ ಕರದಿ?”

ನಿಜವಾಗಿ ಕೇಳಿದಳು. ಉತ್ತರಕ್ಕೆ ಕಾದಳು. ಮೇಷ್ಟ್ರು ಇನ್ನೂ ತರಗತಿಯಲ್ಲೇ ಇದ್ದರು, ಹತ್ತು ಹೆಜ್ಜೆ ದೂರ. ಅಜ್ಜಿ ಅತ್ತ ಹೋಗಲಿಲ್ಲ. ನಾನೂ ಹೋಗಲಿಲ್ಲ. ಸೋಮವಾರ ರೈಲು ಹತ್ತಿದೆ. ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು. ಉಳಿದ ಮೂವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ನೀಲವ್ವ ಇದ್ದಿದ್ದರೆ ನನ್ನ ಪಕ್ಕದಲ್ಲಿ ಕೂರುತ್ತಿದ್ದಳು.

ಅಪ್ಪನಿಗೆ ಮೇಷ್ಟ್ರು ಎಲ್ಲ ಹೇಳಿದ್ದರು. ಅಪ್ಪ, ನಿಮ್ಮವ್ವ ಹಾಡುತ್ತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ ಎಂದ. ಎದುರಿಗೆ ನನ್ನ ಹೆಸರು ಹೇಳಬಾರದಲ್ಲ, ನಾನು ಕೆಲಸಕ್ಕೆ ಹೋದ ಮೇಲೆ ಹಾಡುತ್ತಿದ್ದಳೇನೋ ಎಂದ. ಯಾರು ಹೇಳಿದರು ನಿನಗೆ ಎಂದು ಕೇಳುತ್ತಾನೆಂದು ಹೆದರಿದ್ದೆ. ಕೇಳಲಿಲ್ಲ. ಅಲ್ಲಿಂದ ಮುಂದೆ ಆಗಾಗ, ನಿಮ್ಮವ್ವನ ಪದ ಹೇಳು ಎನ್ನುತ್ತಿದ್ದ. ಹೇಳುತ್ತಿದ್ದೆ. ತನ್ನ ಹೆಸರು ಬಂದಾಗ ನಾಚಿಕೊಂಡಂತೆ ಮುಖ ತಿರುಗಿಸುತ್ತಿದ್ದ. ಸಾಯುವವರೆಗೂ ಅವನು ಅದನ್ನು ನಂಬಿದ್ದ. ಒಂದೇ ಕೋಣೆಯಲ್ಲಿ ಅಷ್ಟು ವರ್ಷ ಇದ್ದೆವು, ಆ ಸುಳ್ಳಿನ ಈ ಕಡೆ ನಾನು, ಆ ಕಡೆ ಅವನು.

ಮುಂದಿನ ಜೂನ್‌ನಲ್ಲಿ ನೀಲವ್ವ ಶಾಲೆಗೆ ಬರಲಿಲ್ಲ. ಅವಳ ಅವ್ವನಿಗೆ ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನ ಕೆಲಸ ಸಿಕ್ಕಿ ಮೂವರೂ ಹೋದರೆಂದು ಕೇಳಿದೆ. ನಾನೂ ದೊಡ್ಡವಳಾಗಿ, ಮದುವೆಯಾಗಿ ದಾವಣಗೆರೆಗೇ ಬಂದೆ, ಸೀರೆ ಗಂಟು ಹೊತ್ತೆ. ಅರವತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಮಿಲ್ ಕೆಲಸದವರ ಮನೆಗಳ ಸಾಲಿನಲ್ಲಿ ಒಂದು ಬಾಗಿಲ ಮುಂದೆ ಗಂಟು ಇಳಿಸಿದೆ. ಒಳಗೆ ತೊಟ್ಟಿಲು ತೂಗುತ್ತಿದ್ದವಳು ನೀಲವ್ವ.

ಗುರುತು ಹಿಡಿದಳು. ಬಾ ಎಂದಳು, ನೀರು ಕೊಟ್ಟಳು, ಅಜ್ಜಿ ಹೋದದ್ದು ಹೇಳಿದಳು. ಮಗು ಅಳುತ್ತಿತ್ತು. ಅವಳು ಬರೀ ‘ಹ್ಞೂ ಹ್ಞೂ’ ಎನ್ನುತ್ತ ತೂಗುತ್ತಿದ್ದಳು. ಮಾತಿಗೆ ಮಾತು ಹುಡುಕುತ್ತ, ಒಂದು ಪದ ಹಾಡಬಾರದೇನೆ ಎಂದುಬಿಟ್ಟೆ.

ನೀಲವ್ವ ತೊಟ್ಟಿಲಿನಿಂದ ಕಣ್ಣೆತ್ತಲಿಲ್ಲ. “ನನಗ ಯಾವ ಪದ ಬರ್ತಾವ ರತ್ನಾ. ಆ ವರ್ಷದಿಂದ ಅಜ್ಜಿ ಕಲ್ಲಿಗೆ ಕುಂತ್ರೂ ಬಾಯಿ ಬಿಡಲಿಲ್ಲ. ಈಗ ನನಗೂ ಮರ್ತು ಹೋದ್ವು.”

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಆರೂ ಪದ ನನ್ನ ನಾಲಿಗೆಯ ಮೇಲಿದ್ದವು, ಒಂದಕ್ಷರವೂ ಮರೆತಿರಲಿಲ್ಲ. ಈ ಊರಿನಲ್ಲಿ, ಆ ಊರಿನಲ್ಲಿ, ಹೊಳೆಯ ಎರಡೂ ದಡದಲ್ಲಿ ಅವನ್ನು ಆ ಹೆಸರಿನ ಸಮೇತ ಹಾಡಬಲ್ಲವಳು ನಾನೊಬ್ಬಳೇ ಎಂಬುದು ಅಲ್ಲಿ ಕೂತಾಗ ತಿಳಿಯಿತು. ಕೈ ಚಾಚಿ ತೊಟ್ಟಿಲ ಹಗ್ಗ ಹಿಡಿದರಾಗಿತ್ತು. ಮೊದಲ ಸಾಲು ಎತ್ತಿ, ಅವಳ ಅಪ್ಪನನ್ನು ಅವನ ಜಾಗದಲ್ಲಿ ಕೂಡಿಸಿದರಾಗಿತ್ತು.

ಸೀರೆ ಬಿಚ್ಚಿದೆ. ಈಗ ಬೇಡ ಎಂದಳು. ಮಡಿಸಿ ಗಂಟು ಕಟ್ಟಿಕೊಂಡು ಎದ್ದೆ. ಪಕ್ಕದ ಮನೆಯಾಕೆ ಕರೆದಳು, ಹೋದೆ. ಗೋಡೆಯ ಆ ಕಡೆ ಮಗು ಇನ್ನೂ ಅಳುತ್ತಿತ್ತು, ತೊಟ್ಟಿಲ ಹಗ್ಗದ ಸದ್ದೊಂದೇ ಕೇಳುತ್ತಿತ್ತು. ನಾನು ಈ ಕಡೆ ಅಂಚು ತೋರಿಸಿದೆ, ಸೆರಗು ತೋರಿಸಿದೆ, ಆಕೆಯ ಕೈ ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತ ಕೂತೆ.