ಅತ್ತೆಯ ಗೋಡೆ ಫೋಟೊಗೆ ಎರಡು ಕ್ಯಾಮೆರಾ

ತನ್ನ ಹಾರದ ಫೋಟೊವನ್ನು ತಾನು ಬದುಕಿರುವಾಗಲೇ ತೆಗೆಸಿಕೊಳ್ಳಬೇಕೆಂದು ನನ್ನ ಸೋದರತ್ತೆ ತೀರ್ಮಾನಿಸಿದ್ದು ಅವಳ ಅಕ್ಕನ ಶಿವಗಣಾರಾಧನೆಯ ದಿನ. ದೊಡ್ಡತ್ತೆ ತೀರಿಕೊಂಡಾಗ ಗೋಡೆಗೆ ಹಾಕಲು ಇಡೀ ಮನೆ ಹುಡುಕಿದರೂ ಒಂದು ಸರಿಯಾದ ಫೋಟೊ ಸಿಕ್ಕಿರಲಿಲ್ಲ. ಕೊನೆಗೆ ಯಾರದೋ ಮದುವೆಯ ಗ್ರೂಪ್ ಫೋಟೊದಿಂದ ಅವಳ ಮುಖ ಕತ್ತರಿಸಿ, ಹಿಂದೆ ನೀಲಿ ಆಕಾಶ ಅಂಟಿಸಿ, ದೊಡ್ಡದು ಮಾಡಿಸಿ ತಂದಿದ್ದರು. ಕತ್ತರಿಸುವಾಗ ಪಕ್ಕದವರ ಕೈ ಉಳಿದುಬಿಟ್ಟಿತ್ತು. ದೊಡ್ಡತ್ತೆಯ ಹೆಗಲ ಮೇಲೆ ನಾಲ್ಕು ಬೆರಳು, ಒಂದು ಉಂಗುರ. ಹೂ ಹಾಕಲು ಬಂದವರೆಲ್ಲ ಮೊದಲು ಬಗ್ಗಿ ಆ ಉಂಗುರ ನೋಡುತ್ತಿದ್ದರು.

"ಸತ್ತ ಮೇಲೂ ಯಾರದೋ ಕೈ ಹೊತ್ಕೊಂಡು ಕೂತ್ಕೋಬೇಕೇನೋ?" ಎಂದು ಅತ್ತೆ ಊಟದ ಪಂಕ್ತಿಯಲ್ಲೇ ನನ್ನನ್ನು ಕೇಳಿದಳು. "ನಂದು ಈಗ್ಲೇ ತೆಗೆದುಬಿಡು ಮಾರಾಯ. ನಾನೇ ನೋಡಿ ಪಾಸ್ ಮಾಡ್ತೀನಿ."

"ಫೋನಲ್ಲಿ ಈಗ್ಲೇ ತೆಗೀಲಾ?" ಎಂದೆ.

"ಫೋನಲ್ಲಿ ತೆಗೆದದ್ದು ಫೋನಲ್ಲೇ ಸಾಯುತ್ತೆ. ಏನೋ ದೊಡ್ಡ ಕ್ಯಾಮೆರಾ ತಗೊಂಡಿದೀಯಂತಲ್ಲ, ಅದರಲ್ಲಿ ತೆಗಿ."

ತಗೊಂಡಿದ್ದು ನಿಜ. ಐವತ್ತು ದಾಟಿದ ಮೇಲೆ ಗಂಡಸರಿಗೆ ಬರುವ ಹಲವು ಕಾಯಿಲೆಗಳಲ್ಲಿ ನನಗೆ ಬಂದದ್ದು ಮಿರರ್‌ಲೆಸ್ ಕ್ಯಾಮೆರಾ. ಹಳೆಯ ದೊಡ್ಡ ಕ್ಯಾಮೆರಾಗಳ ಹೊಟ್ಟೆಯಲ್ಲಿ ಒಂದು ಕನ್ನಡಿ ಇರುತ್ತಿತ್ತು, ಇದರಲ್ಲಿ ಅದಿಲ್ಲ, ಅದೇ ಇದರ ಹೆಚ್ಚುಗಾರಿಕೆ ಎಂದು ಹೆಂಡತಿಗೆ ವಿವರಿಸಿದ್ದೆ. "ಇಲ್ಲದೇ ಇರೋದಕ್ಕೆ ಇಷ್ಟೊಂದು ಕೊಟ್ರಾ?" ಎಂದಿದ್ದಳು. ಅವಳ ಹತ್ತಿರ ಒಂದು ಪುಟಾಣಿ ಕ್ಯಾಮೆರಾ ಇದೆ. ಸೋಪಿನ ಡಬ್ಬಿಯಷ್ಟು ದಪ್ಪ, ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ, ಚಿಲ್ಲರೆ, ಅರ್ಧ ತಿಂದ ಬಿಸ್ಕತ್ತಿನ ಜೊತೆ ವರ್ಷಗಳಿಂದ ಸಂಸಾರ ಮಾಡಿಕೊಂಡಿದೆ. ಎರಡು ಸಲ ನೆಲಕ್ಕೆ ಬಿದ್ದಿದೆ. ಬಿದ್ದಾಗಲೆಲ್ಲ ಅವಳು ಸೆರಗಿನಲ್ಲಿ ಒರೆಸಿ ಮತ್ತೆ ಒಳಗೆ ಹಾಕುತ್ತಾಳೆ.

ನನ್ನ ಕ್ಯಾಮೆರಾ ಬೀಳುವ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಅದು ಹೊರಗೇ ಬರುತ್ತಿರಲಿಲ್ಲ. ನಮ್ಮ ಶಿವಮೊಗ್ಗದ ಮಳೆಗಾಲದಲ್ಲಿ ಲೆನ್ಸಿಗೆ ಬೂಸಲು ಹಿಡಿಯುತ್ತದೆ ಎಂದು ಯಾರೋ ಹೇಳಿದ್ದರು. ಅಂದಿನಿಂದ ಅದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟಿದ್ದೆ. ಒಂದು ಬೆಳಿಗ್ಗೆ ಪಾವಿನಲ್ಲಿ ಅಕ್ಕಿ ಅಳೆಯುವಾಗ ಹೆಂಡತಿಯ ಕೈಗೆ ಲೆನ್ಸ್ ಸಿಕ್ಕಿತು. ನಮ್ಮ ರವೀಂದ್ರನಗರ ಬಡಾವಣೆಯಲ್ಲಿ ಅಷ್ಟು ಹೊತ್ತು ಒಬ್ಬಳೇ ನಿಂತು ನಕ್ಕ ಹೆಂಗಸನ್ನು ನಾನು ನೋಡಿಲ್ಲ. ಒಮ್ಮೆ ಮಾತ್ರ ಧೈರ್ಯ ಮಾಡಿ ಹಕ್ಕಿ ಫೋಟೊ ತೆಗೆಯಲು ನವುಲೆಯ ಕೃಷಿ ಕಾಲೇಜಿನ ಕಡೆ ಹೋಗಿದ್ದೆ. ಲೆನ್ಸ್ ಬದಲಿಸಬೇಕಿತ್ತು. ಬದಲಿಸಿದರೆ ಧೂಳು ಒಳಗೆ ಹೋಗುತ್ತದೆ. ಹಕ್ಕಿ ನನ್ನನ್ನು ನೋಡಿತು, ನಾನು ಹಕ್ಕಿಯನ್ನು ನೋಡಿದೆ, ಇಬ್ಬರೂ ನಮ್ಮ ನಮ್ಮ ದಾರಿ ಹಿಡಿದೆವು.

ಅಂತೂ ಒಂದು ಭಾನುವಾರ ಅದನ್ನು ಟವೆಲಿನಲ್ಲಿ ಸುತ್ತಿ, ಬ್ಯಾಗಿನಲ್ಲಿಟ್ಟು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಭದ್ರಾವತಿ ಬಸ್ಸಿನಲ್ಲಿ ಕೂತೆ. ರಸ್ತೆಯ ಹಂಪು ಬಂದಾಗಲೆಲ್ಲ ಬ್ಯಾಗನ್ನು ಎರಡೂ ಕೈಯಲ್ಲಿ ಗಾಳಿಗೆ ಎತ್ತುತ್ತಿದ್ದೆ. ಕಂಡಕ್ಟರ್ ಸ್ವಲ್ಪ ಹೊತ್ತು ನೋಡಿ, "ಮೊಟ್ಟೆನಾ ಸಾರ್?" ಎಂದ.

"ಮೊಟ್ಟೆ ಆಗಿದ್ರೆ ಇಷ್ಟು ಹೆದರ್ತಿರಲಿಲ್ಲ ಬಿಡಿ," ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ.

ದಾರಿಯುದ್ದಕ್ಕೂ ಅವಳಿಗೆ ಪಾಠ ಮಾಡಿದೆ. ನಿನ್ನ ಸಣ್ಣ ಕ್ಯಾಮೆರಾಗೆ ಹತ್ತಿರದ್ದೂ ದೂರದ್ದೂ ಒಂದೇ, ಮುಖವೂ ಸ್ಪಷ್ಟ, ಹಿಂದಿನ ಮಿಕ್ಸಿಯೂ ಸ್ಪಷ್ಟ. ನನ್ನದು ಹಾಗಲ್ಲ. ಮುಖ ಮಾತ್ರ ಸ್ಪಷ್ಟ, ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗಿಹೋಗುತ್ತದೆ. ಕಣ್ಣು ಎಲ್ಲಿದೆ ಎಂದು ಅದೇ ಹುಡುಕಿ ಹಿಡಿಯುತ್ತದೆ. ಅವಳು ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡಿದಳು.

ಅತ್ತೆಯ ಮನೆ ಕಾಗದನಗರದ ಪಕ್ಕದಲ್ಲೇ. ಮಾವ ಅಲ್ಲಿನ ಕಾಗದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಕಟ್ಟಿಸಿದ್ದು. ಮಾವ ಈಗ ಪಡಸಾಲೆಯ ಗೋಡೆಯ ಮೇಲಿದ್ದಾರೆ. ಗುರುತಿನ ಚೀಟಿಯ ಫೋಟೊವನ್ನೇ ದೊಡ್ಡದು ಮಾಡಿಸಿದ್ದರಿಂದ ಪಾಳಿಗೆ ತಡವಾಗುತ್ತಿದೆ ಎನ್ನುವ ಮುಖದಲ್ಲೇ ಉಳಿದುಬಿಟ್ಟಿದ್ದಾರೆ. ಅತ್ತೆ ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು, ಹಣೆಗೆ ಮೂರೆಳೆ ವಿಭೂತಿ ಎಳೆದು, ಸೊಸೆಯ ಸರ ಹಾಕಿಕೊಂಡು, ಮಾವನ ಕೆಳಗೇ ಕುರ್ಚಿ ಹಾಕಿ ಕೂತಿದ್ದಳು.

ನಾನು ಟವೆಲ್ ಬಿಚ್ಚಿದೆ. ದೊಡ್ಡ ಲೆನ್ಸ್ ತನ್ನ ಕಡೆ ತಿರುಗಿದ್ದೇ ತಡ, ಜೀವಮಾನವೆಲ್ಲ ಮಾತಾಡಿದ ಅತ್ತೆ ಹಲ್ಲಿನ ಡಾಕ್ಟರ ಮುಂದೆ ಕೂತವಳಂತೆ ಬಿಗಿದುಕೊಂಡಳು. ಕ್ಲಿಕ್ಕಿಸಿ ತೋರಿಸಿದೆ.

ಅತ್ತೆ ಮಸುಕು. ಹಿಂದೆ ಮಾವ ಝಗಮಗ. ಅತ್ತೆಯ ಕನ್ನಡಕದಲ್ಲಿ ಕಿಟಕಿಯ ಬೆಳಕು ಹೊಳೆದು ಅವಳ ಕಣ್ಣು ಕ್ಯಾಮೆರಾಗೆ ಸಿಕ್ಕಿರಲಿಲ್ಲ. ಕಣ್ಣು ಹುಡುಕುತ್ತಾ ಅದು ಗೋಡೆ ಹತ್ತಿ ಮಾವನ ಕಣ್ಣು ಹಿಡಿದಿತ್ತು.

"ಇದ್ದಾಗ್ಲೂ ಹಿಂಗೇ," ಎಂದಳು ಅತ್ತೆ. "ಅವರು ಪಡಸಾಲೇಲಿ ಸ್ಪಷ್ಟ, ನಾನು ಅಡಿಗೆಮನೇಲಿ ಮಸುಕು."

ಕುರ್ಚಿ ಸ್ವಲ್ಪ ತಿರುಗಿಸಿ, ಕನ್ನಡಕ ತೆಗೆಸಿ, ಮತ್ತೆ ತೆಗೆದೆ. ಈ ಸಲ ಕಣ್ಣು ಸಿಕ್ಕಿತು. ಕಣ್ಣಿನ ಜೊತೆ ಪ್ರತಿಯೊಂದು ಸುಕ್ಕು, ಗಲ್ಲದ ಮೇಲಿನ ಬಿಳಿ ಕೂದಲು, ವಿಭೂತಿಯ ಬಿರುಕು, ಎಲ್ಲವೂ ಸಿಕ್ಕಿತು. ನಾನು ಹೆಮ್ಮೆಯಿಂದ ಪರದೆಯ ಮೇಲೆ ಅದನ್ನು ಇನ್ನಷ್ಟು ದೊಡ್ಡದು ಮಾಡಿ ತೋರಿಸಿದೆ. ದೊಡ್ಡದು ಮಾಡಬಾರದಿತ್ತು.

"ಆಸ್ಪತ್ರೆಗೆ ಕೊಡೋಕೆ ಚೆನ್ನಾಗಿದೆ," ಎಂದಳು.

ಹೆಂಡತಿ ವ್ಯಾನಿಟಿ ಬ್ಯಾಗಿನಿಂದ ತನ್ನ ಡಬ್ಬಿ ತೆಗೆದು, ಬಿಸ್ಕತ್ತಿನ ಪುಡಿ ಊದಿ, ನಿಂತಲ್ಲೇ ಒತ್ತಿದಳು. ಅದರಲ್ಲಿ ಹಿಂದಿನ ಕ್ಯಾಲೆಂಡರಿನ ತಾರೀಖುಗಳೂ, ಬಾಗಿಲ ಸಂದಿಯಲ್ಲಿ ಕಡಲೆಬೀಜ ತಿನ್ನುತ್ತಿದ್ದ ಸೊಸೆಯೂ ಸ್ಪಷ್ಟವಾಗಿ ಬಂದಿದ್ದರು. ಅತ್ತೆ ಮಾತ್ರ ಯಾರೋ ಆಗಿದ್ದಳು. ಆ ಕ್ಯಾಮೆರಾದಲ್ಲಿ ಚರ್ಮ ನಯಮಾಡುವ ಒಂದು ವ್ಯವಸ್ಥೆ ಇದೆ. ಅದು ಸುಕ್ಕುಗಳನ್ನು ಒರೆಸುವ ಭರದಲ್ಲಿ ವಿಭೂತಿಯನ್ನೂ ಕಲೆ ಎಂದು ತಿಳಿದು ಒರೆಸಿಹಾಕಿತ್ತು.

"ಯಾರೇ ಇವಳು? ನಮ್ಮ ಪೈಕಿನೇ ಅಲ್ಲ," ಎಂದಳು ಅತ್ತೆ.

ಒಳಗೊಳಗೇ ನನಗಾದ ಖುಷಿಯನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಅತ್ತೆ ಸರ ಬಿಚ್ಚಿ ಸೊಸೆಯ ಕೈಗೆ ಕೊಟ್ಟಳು. "ಬಿಡಿ. ಕ್ಯಾಮೆರಾದ ತಪ್ಪಲ್ಲ. ನನ್ನ ಮುಖಾನೇ ಫೋಟೊಗೆ ಒಗ್ಗಲ್ಲ. ಅಕ್ಕನಿಗೆ ಮಾಡಿದ ಹಂಗೇ ಎಲ್ಲಿಂದಾದ್ರೂ ಕತ್ತರಿಸ್ಕೊಳ್ಳಿ." ದನಿಯಲ್ಲಿ ತಮಾಷೆ ಇರಲಿಲ್ಲ. ಬೆಳಿಗ್ಗೆಯಿಂದ ಸೀರೆಯ ನೆರಿಗೆ ಕೆಡಬಾರದೆಂದು ಕಾಫಿ ಕೂಡ ನಿಂತೇ ಕುಡಿದಿದ್ದಾಳೆ ಎಂದು ಸೊಸೆ ಮೆಲ್ಲಗೆ ಹೇಳಿದಳು. ದೊಡ್ಡತ್ತೆಯ ಹೆಗಲ ಮೇಲಿನ ಆ ನಾಲ್ಕು ಬೆರಳು ನನ್ನ ಕಣ್ಣ ಮುಂದೆ ಬಂದವು.

ಹೆಂಡತಿ ತನ್ನ ಪುಟ್ಟ ಕ್ಯಾಮೆರಾವನ್ನು ಅತ್ತೆಯ ಕೈಗಿಟ್ಟಳು. "ಅತ್ತೆ, ಈಗ ನೀವು ಇವರ್ದು ತೆಗೀರಿ. ಎದುರು ಕೂತೋರ ಕಷ್ಟ ಇವರಿಗೂ ಗೊತ್ತಾಗ್ಲಿ." ನನ್ನನ್ನು ಕುರ್ಚಿಗೆ ತಳ್ಳಿದಳು. ತಳ್ಳುವಾಗ ನನ್ನ ಕೈಯಿಂದ ದೊಡ್ಡ ಕ್ಯಾಮೆರಾ ಕಿತ್ತುಕೊಂಡಳು.

"ಪಟ್ಟಿ," ಎಂದೆ. "ಪಟ್ಟಿ ಕುತ್ತಿಗೆಗೆ ಹಾಕ್ಕೋ."

"ಮಾತಾಡ್ಬೇಡ್ವೋ, ಅಲ್ಲಾಡುತ್ತೆ," ಎಂದಳು ಅತ್ತೆ. ಆಗಲೇ ಕನ್ನಡಕ ಹಾಕಿಕೊಂಡು ಅದನ್ನು ಮೂಗಿನ ತುದಿಗೆ ಜಾರಿಸಿ ಮೇಲಿನಿಂದ ನನ್ನನ್ನು ಅಳೆಯುತ್ತಿದ್ದಳು. "ಗಲ್ಲ ಎತ್ತು. ಅಷ್ಟಲ್ಲ. ಹೊಟ್ಟೆ ಒಳಗೆ ತಗೋ. ಇನ್ನೂ ತಗೋ. ಅಷ್ಟೇನಾ ಹೋಗೋದು?"

ನನ್ನ ಕಣ್ಣೆಲ್ಲ ಹೆಂಡತಿಯ ಮೇಲೆ. ಅವಳು ಕ್ಯಾಮೆರಾವನ್ನು ದೋಸೆ ಮಗುಚುವ ಸಟ್ಟುಗದ ಹಾಗೆ ಒಂದೇ ಕೈಯಲ್ಲಿ ಹಿಡಿದಿದ್ದಳು. ನಾನು ಅರ್ಧ ರಾತ್ರಿ ಕೂತು ಹೊಂದಿಸಿದ್ದ ಲೆಕ್ಕಾಚಾರಗಳನ್ನೆಲ್ಲ ಬಿಟ್ಟು ತಿರುಗುಗುಂಡಿಯನ್ನು, ಎಲ್ಲವನ್ನೂ ಕ್ಯಾಮೆರಾವೇ ನೋಡಿಕೊಳ್ಳುವ ಹಸಿರು 'ಆಟೋ' ಗುರುತಿಗೆ ತಿರುಗಿಸಿದಳು. "ಅಯ್ಯೋ, ಪಟ್ಟಿ ಕಣೇ," ಎಂದು ನಾನು ಕುರ್ಚಿಯಿಂದ ಅರ್ಧ ಎದ್ದೆ. ಅದೇ ಗಳಿಗೆಗೆ ಅತ್ತೆ ಒತ್ತಿದಳು.

ಆ ಫೋಟೊ ನಾನು ಯಾರಿಗೂ ತೋರಿಸುವುದಿಲ್ಲ. ಕೂತವನೂ ಅಲ್ಲ, ನಿಂತವನೂ ಅಲ್ಲ, ಬಾವಿಗೆ ಬೀಳುತ್ತಿರುವ ಚೊಂಬನ್ನು ನೋಡುತ್ತಿರುವವನ ಮುಖ. ಹಿಂದೆ ಮಾವ, ಅಷ್ಟೇ ಸ್ಪಷ್ಟವಾಗಿ, ಇವನ್ಯಾರು ಎನ್ನುವಂತೆ ನೋಡುತ್ತಿದ್ದಾರೆ. ಪುಟ್ಟ ಪರದೆಯಲ್ಲಿ ಅದನ್ನು ನೋಡಿದ ಅತ್ತೆಗೆ ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ. ಕ್ಯಾಮೆರಾ ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡು ನನ್ನನ್ನು ಇನ್ನೊಮ್ಮೆ ನೋಡಿ ನಗತೊಡಗಿದಳು. ಹೆಂಡತಿ ದೊಡ್ಡ ಕ್ಯಾಮೆರಾ ಒತ್ತಿದಳು.

ಜಾರಿದ ಕನ್ನಡಕದ ಮೇಲಿಂದ ಎರಡು ಕಣ್ಣೂ ಸಿಕ್ಕಿದ್ದವು. ಮೂರೆಳೆ ವಿಭೂತಿ ಅಚ್ಚುಕಟ್ಟು. ಸುಕ್ಕುಗಳೆಲ್ಲ ಇದ್ದವು, ಆದರೆ ಈಗ ಅವಕ್ಕೊಂದು ಕೆಲಸವಿತ್ತು. ಹಿಂದಿನ ಮನೆಯೆಲ್ಲ ನಾನು ಬಸ್ಸಿನಲ್ಲಿ ಹೇಳಿದ ಹಾಗೆಯೇ ಬೆಣ್ಣೆ. ಅತ್ತೆ ಪರದೆಯನ್ನು ಬಹಳ ಹೊತ್ತು ನೋಡಿದಳು.

"ಹಲ್ಲು ಕಾಣ್ತಿದೆ ಅತ್ತೆ," ಎಂದಳು ಸೊಸೆ ಅನುಮಾನದಿಂದ. "ಹಾರ ಹಾಕೋ ಫೋಟೊದಲ್ಲಿ ಹಿಂಗೆ ನಗ್ತಿದ್ರೆ ಬಂದೋರು ಅಳೋದು ಹೆಂಗೆ?"

"ಅಳೋರು ಹೊರಗೇ ಅತ್ಕೊಂಡು ಬರ್ಲಿ."

"ಕೈಲಿ ಕ್ಯಾಮೆರಾ ಬೇರೆ ಇದೆ."

"ಇರ್ಲಿ ಬಿಡೇ. ಯಾರು ಬಂದ್ರು, ಯಾರು ಬರ್ಲಿಲ್ಲ, ಎಲ್ಲಾ ತೆಗೀತಿರ್ತೀನಿ." ಅತ್ತೆ ನನ್ನ ಕಡೆ ತಿರುಗಿದಳು. "ಪಾಸ್."

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ನ್ಯಾಯ ತೀರ್ಮಾನಕ್ಕೆ ಕೂತೆ. ನಿನ್ನ ಕ್ಯಾಮೆರಾ ನಗಿಸಿತು ನಿಜ, ಆದರೆ ಆ ಬೆಳಕು, ಆ ಕಣ್ಣು, ಅದನ್ನು ತೆಗೆದದ್ದು ನನ್ನದು ಎಂದೆ. "ತೆಗೆದದ್ದು ನಾನು," ಎಂದಳು. ಶಿವಮೊಗ್ಗದಲ್ಲಿ ಫ್ರೇಮ್ ಹಾಕುವವನು ಹಿಂದೆ ನೀಲಿ ಆಕಾಶ ಹಾಕಿಕೊಡುತ್ತೇನೆ, ಕೈಯಲ್ಲಿರುವುದನ್ನು ತೆಗೆದು ತಾವರೆ ಇಡುತ್ತೇನೆ, ಎಲ್ಲರೂ ಹಾಗೇ ಮಾಡಿಸುತ್ತಾರೆ ಎಂದ. ಬೇಡ ಎಂದು ನಾನು ಎಷ್ಟು ಜೋರಾಗಿ ಹೇಳಿದೆನೆಂದರೆ ಪಕ್ಕದ ಅಂಗಡಿಯವರು ಇಣುಕಿದರು.

ಫೋಟೊವನ್ನು ಅತ್ತೆ ಬೀರುವಿನಲ್ಲಿ ಇಡುತ್ತಾಳೆಂದುಕೊಂಡಿದ್ದೆ. ಬಾಗಿಲಿಗೆ ಎದುರಾಗಿ ಮೊಳೆ ಹೊಡೆಸಿ ನೇತುಹಾಕಿದ್ದಾಳೆ. ಬದುಕಿದವರದು ಹಾಗೆ ಹಾಕಬಾರದು ಎಂದವರಿಗೆ, ಹಾರ ಹಾಕಿಲ್ಲವಲ್ಲ ಎನ್ನುತ್ತಾಳಂತೆ. ಒಳಗೆ ಬರುವ ಹೆಂಗಸರು ಆ ಫೋಟೊದ ಕೈಯಲ್ಲಿರುವ ಕ್ಯಾಮೆರಾ ನೋಡಿ ತಮಗೇ ತಿಳಿಯದೆ ಸೆರಗು ಸರಿಮಾಡಿಕೊಳ್ಳುತ್ತಾರಂತೆ.

ಮೊನ್ನೆ ಫೋನ್ ಮಾಡಿದ್ದಳು. ಅವಳ ಬೀದಿಯಲ್ಲಿ ಇನ್ನೂ ಮೂವರು ತಮ್ಮದೂ ಹೀಗೇ ಬೇಕೆಂದು ಕಾಯುತ್ತಿದ್ದಾರಂತೆ. ಭಾನುವಾರ ಎರಡೂ ಕ್ಯಾಮೆರಾ ತನ್ನಿ ಎಂದಳು. ನನ್ನ ಎದೆ ಉಬ್ಬಿತು. ಈ ಸಲ ಯಾವ ಲೆನ್ಸ್ ತರಲಿ ಅತ್ತೆ ಎಂದೆ.

"ಅದನ್ನೆಲ್ಲ ಅವಳು ನೋಡ್ಕೋತಾಳೆ," ಎಂದಳು. "ನೀನು ಬಂದು ಕುರ್ಚಿ ಮೇಲೆ ಕೂತು ಗಾಬರಿಯಾಗು, ಸಾಕು."

ಆ ಕೆಲಸದಲ್ಲಿ ನನಗೆ ಅನುಭವ ಸಾಕಷ್ಟಿದೆ. ಬರ್ತೀನಿ ಎಂದೆ.