ದಿರ್ಹಮ್ ಎಂದರೆ ಧರ್ಮವೇ?

ಚಿನ್ನಯ್ಯನವರ ಮೀಸೆ ಎಷ್ಟು ಉದ್ದವೆಂದರೆ, ಅವರು ಮೆಲ್ಕಾರಿನಲ್ಲಿ ತಲೆ ಅಲ್ಲಾಡಿಸಿದರೆ ಚಾರ್ಮಾಡಿ ಘಾಟಿಯ ಮಂಜು ಚದುರುತ್ತಿತ್ತು. ದುಬೈಯ ಹೋಟೆಲಿನಲ್ಲಿ ಅರ್ಧ ಆಯುಷ್ಯ ದೋಸೆ ಎರೆದು ಊರಿಗೆ ಮರಳಿದ ಮೇಲೆ ಅವರಿಗೆ ಉಳಿದ ಕೆಲಸ ಎರಡೇ: ಮೀಸೆ ಸಾಕುವುದು, ಪಕ್ಕದ ಅಂಗಡಿಯ ಶರೀಫರೊಡನೆ ವಾದಿಸುವುದು.

ಅಂದು ವಾದ ದುಬೈಯ ನಾಣ್ಯ ದಿರ್ಹಮಿನ ಹೆಸರಿನ ಮೇಲೆ ಹತ್ತಿಕೊಂಡಿತು.

“ದಿರ್ಹಮ್ ಅಂದ್ರೆ ನಮ್ಮ ಧರ್ಮವೇ ಮಾರಾಯ!” ಎಂದರು ಚಿನ್ನಯ್ಯ.

“ಧರ್ಮಕ್ಕೆ ನಿಮಗೆ ಯಾವ ಅರಬಿ ಕೊಟ್ಟದ್ದು ಚಿನ್ನಯ್ಯಣ್ಣ? ಬೆವರು ಸುರಿಸಿದ್ದು ಮರೆತುಹೋಯ್ತಾ? ಅದು ಅಪ್ಪಟ ಅರಬಿ ಶಬ್ದ.”

“ಧರ್ಮ ಅಲ್ಲದಿದ್ರೆ ಈ ಮೀಸೆಯನ್ನೇ ತೆಗೆಸ್ತೇನೆ!”

ಪಂಥ ಕೇಳಿ ಬಸ್ಸುಗಳು ಹಾರ್ನ್ ಹಾಕುವುದನ್ನೇ ಮರೆತವು. ಕ್ಷೌರಿಕ ಕತ್ತರಿ ಹಿಡಿದೇ ಓಡಿ ಬಂದ. ಕಾಲೇಜಿನಲ್ಲಿ ಇತಿಹಾಸ ಕಲಿಸುವ ತೃಪ್ತಿ ಟೀಚರನ್ನು ದಾರಿಯಲ್ಲೇ ತಡೆದು ತೀರ್ಪು ಕೇಳಿದರು.

“ಇಬ್ಬರದ್ದೂ ತಪ್ಪು,” ಎಂದರು ಟೀಚರ್. “ಅರಬಿಗೆ ಅದು ಬಂದದ್ದು ಗ್ರೀಕರ ಡ್ರಾಕ್ಮಾದಿಂದ. ಮೂಲದಲ್ಲಿ ಅದಕ್ಕೆ ‘ಒಂದು ಹಿಡಿ’ ಅಂತ ಅರ್ಥ ಉಂಟು.”

ಕತ್ತರಿ ಬಾಯಿ ತೆರೆಯಿತು. ಚಿನ್ನಯ್ಯ ಎರಡೂ ಕೈಗಳಿಂದ ಮೀಸೆ ಮುಚ್ಚಿಕೊಂಡರು. ಅಷ್ಟರಲ್ಲಿ ತಲೆ ಓಡಿತು.

“ನಿಲ್ಲು! ಪಂಥ ದಿರ್ಹಮಿನದ್ದು. ಹಾಗಾದ್ರೆ ದಂಡವೂ ಒಂದು ದಿರ್ಹಮ್. ಒಂದೇ ಹಿಡಿ ಮೀಸೆ ಕತ್ತರಿಸು, ಸಾಕು!”

ಜನ ಹೋ ಎಂದು ಚಪ್ಪಾಳೆ ತಟ್ಟಿದರು.

“ಆಗಲಿ ಚಿನ್ನಯ್ಯಣ್ಣ,” ಎಂದರು ಶರೀಫ್, ಅಂಗಿಯ ತೋಳು ಮಡಚುತ್ತಾ. “ಆದರೆ ಹಿಡಿ ನನ್ನದು.”

ಹಲಸಿನ ಹಣ್ಣು ನಿಂಬೆಯಂತೆ ಕಾಣುವ ಆ ಅಂಗೈಯೊಳಗೆ ಮೀಸೆ ಪೂರ್ತಿ ಹಿಡಿಸಿತು.