ಬಾವಿಕಟ್ಟೆಯ ಮೇಲಿನ ಬದನಾ

ಇಂದು ಭಾನುವಾರ, ಬೆಳಗಿನ ಎಂಟು ಗಂಟೆ. ಮನೆಯಲ್ಲಿ ಇದ್ದವರು ನಾನು ಮತ್ತು ಸೊಸೆ ಗಿರಿಜಾ. ಹೊರಗೆ ಓಣಿಯಲ್ಲಿ ಕಲಾಯಿ ಹಾಕುವವನು. ಹಳೆ ಪಾತ್ರೆ ಇಳಿಸುವುದು ನಮ್ಮಲ್ಲಿ ಶನಿವಾರದ ಕೆಲಸ. ಆದರೆ ಕಲಾಯಿಯವನು ನನ್ನ ವೇಳಾಪಟ್ಟಿ ನೋಡಿ ಬರುವವನಲ್ಲ. ಅಟ್ಟದಿಂದ ಒಂದೊಂದೇ ಪಾತ್ರೆ ಇಳಿಸುತ್ತಿದ್ದ ಗಿರಿಜಾ, ಸೊಂಡಿಲಿರುವ ಒಂದು ತಾಮ್ರದ ತಂಬಿಗೆಯನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದು, "ಮಾವಾರ, ಇದು ಸಾಬರ ಮನಿ ಬದನಾ ಅಲ್ಲೇನ್ರೀ? ನಮ್ಮನ್ಯಾಗ ಹ್ಯಾಂಗ ಬಂತು?" ಎಂದಳು.

ನಾನು ಎದ್ದು ಹೋಗಿ ಬಾಗಿಲು ಹಾಕಿದೆ.

ಹಾಕಿದ ಮೇಲೆ ನನಗೇ ನಾಚಿಕೆಯಾಯಿತು. ನಲವತ್ತು ವರ್ಷ ಶಾಲೆಯ ಗಂಟೆಯ ಜೊತೆ ಬದುಕಿದ ನನ್ನ ಕೈಕಾಲು ನನ್ನ ಅಪ್ಪಣೆಯಿಲ್ಲದೆ ಏಳುವುದು ಅಪರೂಪ. ಆದರೆ ಈ ಹೆದರಿಕೆ ನನ್ನ ಅಪ್ಪಣೆ ಕೇಳುವುದಿಲ್ಲ. ಅದು ಎಲ್ಲಿಂದ ಬಂತೆಂದು ಗಿರಿಜಾಗೆ ಹೇಳಿದೆ, ನೀವೂ ಕೇಳಿ.

ನಿಜಾಮರ ಕಾಲದ ಕೊನೆಯ ವರ್ಷಗಳಲ್ಲಿ ನಾನು ಕಲಬುರಗಿಯಲ್ಲಿ ಓದುತ್ತಿದ್ದೆ. ಐವಾನ್-ಎ-ಶಾಹಿ ಬಂಗಲೆಯ ಹತ್ತಿರ ನಮ್ಮ ಇತಿಹಾಸದ ಪ್ರೊಫೆಸರ್ ಸಾಹೇಬರ ಮನೆ. ಅದರ ಹಿಂದಿನ ಕೋಣೆಯಲ್ಲಿ ನನ್ನ ವಾಸ. ಸರಕಾರದ ಖರ್ಚಿನಲ್ಲಿ ಜರ್ಮನಿಗೆ ಹೋಗಿ, ಲ್ಯಾಟಿನ್ ಕಲಿತು, ರೋಮ್ ಸಾಮ್ರಾಜ್ಯದೊಳಕ್ಕೆ ಬಂದ ಹಳೆಯ ಜರ್ಮನ್ ಬುಡಕಟ್ಟುಗಳ ಬಗ್ಗೆ ಪಾಂಡಿತ್ಯ ಪಡೆದು ಬಂದವರು ಅವರು. ಅದನ್ನು ಕಲಬುರಗಿಯಲ್ಲಿ ಯಾರಿಗೆ ಕೊಡಬೇಕು? ಬಗಲಲ್ಲೇ ಬಹಮನಿ ಸುಲ್ತಾನರ ಗೋರಿಗಳಿರುವಾಗ ಇವರು ಪರದೇಶದ ಗೋರಿ ಅಗೆಯುತ್ತಾರೆ ಎಂದು ಊರವರು ನಗುತ್ತಿದ್ದರು. ಸಾಹೇಬರೂ ನಗುತ್ತಿದ್ದರು. ಸ್ವಂತ ಮನೆಯ ಜಗಳದಲ್ಲಿ ಕಣ್ಣು ಮಂಜಾಗುತ್ತದೆ, ದೂರದವರದು ಸ್ವಚ್ಛ ಕಾಣುತ್ತದೆ ಎಂಬುದು ಅವರ ಸಮಜಾಯಿಷಿ.

ಗಾಥರೆಂಬ ಜನರ ಮೇಲೆ ಅವರೊಂದು ಪುಸ್ತಕ ಬರೆಯುತ್ತಿದ್ದರು. ಹೂಣರಿಗೆ ಅಂಜಿ ಓಡಿಬಂದ ಗಾಥರು ಡಾನ್ಯೂಬ್ ನದಿಯ ದಂಡೆಯಲ್ಲಿ ನಿಂತು, ಒಳಗೆ ಬಿಡಿ ಎಂದು ರೋಮನ್ನರನ್ನು ಬೇಡುವ ಅಧ್ಯಾಯದಲ್ಲಿ ಅದು ನಿಂತುಬಿಟ್ಟಿತ್ತು. ಬರೆಯುವುದು, ಹರಿದುಹಾಕುವುದು. "ನಮ್ಮ ಸಾಹೇಬ್ರ ಮಂದಿ ಇನ್ನಾ ಹೊಳಿ ದಂಡ್ಯಾಗೇ ಕುಂತದ," ಎಂದು ಅವರ ಹೆಂಡತಿ ಬೇಗಂಸಾಹೇಬರು ಚಹಾ ಕೊಡುವಾಗೆಲ್ಲ ಚುಚ್ಚುತ್ತಿದ್ದರು.

ತರಗತಿಗೆ ಸಾಹೇಬರು ಕಂಚಿನ ಪಿನ್ನೊಂದನ್ನು ತರುತ್ತಿದ್ದರು. ಗಾಥರ ಹೆಂಗಸರು ಹೆಗಲ ಬಟ್ಟೆಗೆ ಚುಚ್ಚಿಕೊಳ್ಳುತ್ತಿದ್ದ ಪಿನ್ನಿನ ನಕಲು. ಗೋರಿಯಲ್ಲಿ ಇದು ಸಿಕ್ಕರೆ ಒಳಗಿರುವವಳು ಯಾರು ಎಂದು ಕೇಳುವರು. ಗಾಥರ ಹೆಂಗಸು ಎಂದು ನಾವು ಹೇಳಿದರೆ ತಲೆಯಾಡಿಸುವರು. ಪಿನ್ನು ಗಾಥರದಿರಬಹುದು, ಹೆಂಗಸು ಯಾರೋ ಏನೋ. "ಹೆಸರು ಅಂದ್ರ ಅಂಗಿ ಇದ್ದಂಗ. ಗಾಳಿ ನೋಡಿ ಮಂದಿ ಬದಲಾಯಿಸ್ತಾರ," ಎಂದು ಅವರು ಹಗುರಾಗಿ ಹೇಳುತ್ತಿದ್ದರು.

ನಲವತ್ತೆಂಟರ ಬೇಸಿಗೆಯಲ್ಲಿ ಗಾಳಿ ಬಿಸಿಯಾಯಿತು. ನಿಜಾಮರ ಪರ ಹೊಡೆದಾಡುತ್ತಿದ್ದ ರಜಾಕಾರರ ಹೆದರಿಕೆಗೆ ನಮ್ಮೂರು ಕಮಲಾಪುರದಲ್ಲಿ ಜನ ಹೊಲದಲ್ಲಿ ಮಲಗತೊಡಗಿದರು. ಆಗ ಬೇಗಂಸಾಹೇಬರು ನನ್ನ ಕೈಯಲ್ಲಿ ತಮ್ಮ ಬುರ್ಖಾ ಕೊಟ್ಟು ಕಳಿಸಿದರು. ವಿಧವೆಯಾದ ನನ್ನ ಅವ್ವ ಅದನ್ನು ತೊಟ್ಟು, ದಾರಿಯುದ್ದಕ್ಕೂ ಉಸಿರು ಬಿಗಿಹಿಡಿದು, ಕಲಬುರಗಿ ಸೇರಿ ಎರಡು ತಿಂಗಳು ಅವರ ಮನೆಯಲ್ಲಿ ಬದುಕಿದಳು. ಮಳೆ ಬಿದ್ದಮೇಲೆ ಬಿತ್ತನೆಗೆಂದು ಊರಿಗೆ ಮರಳಿದಳು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಯಿತು. ಭಾರತದ ದಂಡಿನ ಲಾರಿಗಳು ಹಾದುಹೋದವು, ಹೆದರಿಕೆ ಮನೆ ಬದಲಾಯಿಸಿತು. ಹಳ್ಳಿಗಳಲ್ಲಿ ಮುಸಲ್ಮಾನರನ್ನು ಕೊಲ್ಲುತ್ತಿದ್ದಾರೆಂಬ ಸುದ್ದಿ ಕೇಳಿ ಸಾಹೇಬರ ಓಣಿಯಲ್ಲಿ ಒಲೆ ಹೊತ್ತಿಸುವುದೇ ನಿಂತಿತು. ಅವ್ವ ತಾನೇ ಚಕ್ಕಡಿ ಕಟ್ಟಿಸಿಕೊಂಡು ಬಂದು, ಮಾತಿಗೆ ಅವಕಾಶ ಕೊಡದೆ ಇಬ್ಬರನ್ನೂ ಅವರ ಗುರುತು ಯಾರಿಗೂ ಇಲ್ಲದ ಕಮಲಾಪುರಕ್ಕೆ ಕರೆದೊಯ್ದಳು. ಹಿಂದೆ ನಾನು.

ಸಾಹೇಬರು ಗಡ್ಡ ತೆಗೆಸಿ, ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡರು. ಬೇಗಂಸಾಹೇಬರಿಗೆ ಅವ್ವ ತನ್ನ ಇಳಕಲ್ಲ ಸೀರೆ ಉಡಿಸಿದಳು. ಕುಂಕುಮ ಹಚ್ಚುವಾಗ ಬೇಗಂಸಾಹೇಬರ ಗದ್ದ ಎಷ್ಟು ನಡುಗುತ್ತಿತ್ತೆಂದರೆ ಎರಡು ಸಲ ಅಳಿಸಿ ಹಚ್ಚಬೇಕಾಯಿತು. ಸಾಹೇಬರು ಅದನ್ನು ನೋಡುತ್ತ ನಿಂತಿದ್ದರು.

ಮರುದಿನ ಮಧ್ಯಾಹ್ನ ಮಲ್ಲಪ್ಪ ಬಂದ. ತಹಸೀಲಿನಲ್ಲಿ ಗುಮಾಸ್ತನಾಗಿದ್ದ ನಮ್ಮೂರವನು. ಜೊತೆಗೆ ಬಡಿಗೆ ಹಿಡಿದ ಏಳೆಂಟು ಮಂದಿ. ಆಳಂದ ಕಡೆಯ ತವರಿನವರು ಬಂದಿದ್ದಾರೆಂದು ಅವ್ವ ಬಾಗಿಲಲ್ಲೇ ಹೇಳಿದಳು. ಮಲ್ಲಪ್ಪ ಅಂಗಳವನ್ನೆಲ್ಲ ನೋಡಿ, ಬಾವಿಕಟ್ಟೆಯ ಮೇಲೆ ಕಣ್ಣು ನಿಲ್ಲಿಸಿದ. ಅಲ್ಲಿ ಕಲಬುರಗಿಯಿಂದ ತಂದಿದ್ದ ಇದೇ ಬದನಾ ಇತ್ತು. ಎಂಥ ಭಯದಲ್ಲೂ ನಮಾಜಿನ ಹೊತ್ತು ತಪ್ಪಿಸದ ಸಾಹೇಬರು ಕೈಕಾಲು ತೊಳೆದುಕೊಂಡು ಅಲ್ಲೇ ಮರೆತಿದ್ದರು. ಬಟ್ಟೆ, ಬಳೆ, ಹಣೆ ಎಲ್ಲ ನೋಡಿ ತಿದ್ದಿದ್ದ ಅವ್ವನಿಗೂ ಅದು ಕಂಡಿರಲಿಲ್ಲ. ಇಬ್ಬರೂ ಕುಳಿತಿದ್ದ ಒಳಗಿನ ಕೋಣೆಯಲ್ಲಿ ಬಳೆ ಸದ್ದಾಗಿ ಥಟ್ಟನೆ ನಿಂತಿತು.

"ಕಾಕು, ಈ ಚೊಂಬು ನಿಮ್ಮ ತವರಿನವರದೇನು?" ಎಂದ ಮಲ್ಲಪ್ಪ.

ಅವ್ವ ಅವನ ಬಿಳಿ ಖಾದಿ ಟೊಪ್ಪಿಗೆಯನ್ನು ನೋಡಿದಳು. ಹೊಸದು, ಗಂಜಿಯ ಮಡಿಕೆ ಇನ್ನೂ ಮುರಿದಿರಲಿಲ್ಲ.

"ಮಲ್ಲಪ್ಪ, ಮೊನ್ನಿ ಮೊನ್ನಿತನಾ ನಿನ್ನ ತಲಿ ಮ್ಯಾಲ ಕೆಂಪು ರೂಮಿ ಟೋಪಿ ಇತ್ತು. ಮೈಮ್ಯಾಲ ಶೇರವಾನಿ. ಅವಾಗ ನಾ ನಿನ್ನ ಯಾರಂತ ತಿಳೀಬೇಕಿತ್ತಪ್ಪ?"

ಹಿಂದಿದ್ದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ನಿಜಾಮರ ಕಚೇರಿಯಲ್ಲಿ ಹಿಂದೂ ನೌಕರರೂ ಹಾಗೆಯೇ ಉಡುತ್ತಿದ್ದರು, ತಪ್ಪೇನಿರಲಿಲ್ಲ. ಆದರೆ ಬಡಿಗೆ ಹಿಡಿದವರ ನಡುವೆ ಅದನ್ನು ನೆನಪಿಸಿಕೊಳ್ಳಲು ಮಲ್ಲಪ್ಪನಿಗೆ ಇಷ್ಟವಿರಲಿಲ್ಲ. ಆತ ಬೆವರು ಒರೆಸಿಕೊಂಡ, ನೀರು ಕೇಳಿದ. ಅವ್ವ ಅದೇ ಬದನಾದಿಂದ ಅವನ ಬೊಗಸೆಗೆ ಸುರಿದಳು. ಕುಡಿದು ಹೋದ.

ಅವರು ಹೋದ ಮೇಲೆ ಸಾಹೇಬರು ಗೋಡೆಗೆ ಒರಗಿಕೊಂಡು ನನಗೆ ಹೇಳಿದರು: "ಇಷ್ಟು ವರ್ಷ ಆ ಗಾಥ ಮಂದಿ ಹೆಸರು ಹ್ಯಾಂಗ ಬದಲಾಯಿಸಿದ್ರು ಅಂತ ಓದಿದೆ. ಬದಲಾಯಿಸೋ ಮುಂದ ಅವರ ಕೈ ನಡಗತಿದ್ದವೋ ಇಲ್ಲೋ, ಒಮ್ಮಿನೂ ಕೇಳಲಿಲ್ಲ ನೋಡು."

ಕಾಲೇಜು ತೆರೆದಾಗ ಅವರು ಮೊದಲ ದಿನವೇ ಪಾಠಕ್ಕೆ ನಿಂತರು. ಪಿನ್ನು ತೋರಿಸಿದರು. ಅಂಗಿಯ ಮಾತನ್ನು ಮಾತ್ರ ಮತ್ತೆಂದೂ ಆಡಲಿಲ್ಲ. ಆ ಚಳಿಗಾಲದಲ್ಲಿ ನದಿಯ ಅಧ್ಯಾಯ ಮುಗಿಯಿತು. ನನಗೆ ಓದಿ ಹೇಳಿದರು. ಒಪ್ಪಂದ, ಸೈನ್ಯ, ಲೆಕ್ಕಾಚಾರ ಇದ್ದ ಕಡೆ ಈಗ ಕತ್ತಲ ನೀರು ನೋಡುತ್ತ ಮಗುವಿನ ಬಾಯಿ ಮುಚ್ಚಿ ಹಿಡಿದ ಹೆಂಗಸರಿದ್ದರು. "ಅಂತೂ ದಾಟಿದ್ರಲ್ಲ," ಎಂದರು ಬೇಗಂಸಾಹೇಬರು. ಈ ಸಲ ಚುಚ್ಚು ಇರಲಿಲ್ಲ. ಐವತ್ತಾರರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಇಬ್ಬರೂ ಹೈದರಾಬಾದಿಗೆ ಹೋದರು. ಪುಸ್ತಕ ಅಚ್ಚಾಯಿತೋ ಇಲ್ಲವೋ ತಿಳಿಯಲಿಲ್ಲ. ಬದನಾ ಅವ್ವನಿಗೆ ಬಿಟ್ಟುಹೋದರು. ಅವ್ವ ಅದನ್ನು ಕಪಾಟಿನಲ್ಲಿ, ಸೊಂಡಿಲು ಕಾಣದಂತೆ ಗೋಡೆಯ ಕಡೆ ಮಾಡಿ ಇಡುತ್ತಿದ್ದಳು. ಅವಳ ನಂತರ ನಾನೂ ಹಾಗೆಯೇ ಇಟ್ಟೆ. ಆಮೇಲೆ ಅಟ್ಟಕ್ಕೇ ಏರಿಸಿದೆ. ಪದ್ಧತಿ ಎಂದುಕೊಂಡಿದ್ದೆ.

ಗಿರಿಜಾಗೆ ಇಷ್ಟನ್ನೂ ಹೇಳಿ ಮುಗಿಸುವಾಗ ಕಲಾಯಿಯವನು ಮುಂದಿನ ಓಣಿಗೆ ಹೋಗಿದ್ದ. ಬಾಗಿಲು ತೆರೆದು, ಕೂಗಿ ಕರೆದೆ. ಸಂಜೆ ಬದನಾ ಬೆಳ್ಳಗಾಗಿ ಬಂತು. ನೀರು ತುಂಬಿ, ಸೊಂಡಿಲು ಬೀದಿಯ ಕಡೆ ಮಾಡಿ, ಹೊರಗಿನ ಕಟ್ಟೆಯ ಮೇಲೆ ಇಟ್ಟೆ. ಇಡುವಾಗ ಕೈ ನಡುಗಿತು. ಆದರೂ ಇಟ್ಟೆ. ಇಂದಿನ ಕೆಲಸ ಮುಗಿಯಿತು.